ಯಾರನ್ನ ಕ್ಷಮಿಸೋದು?

ಸುಗಟೂರಿನ ಕದಿರೇಶ ಹಾಲಿನ ಕ್ಯಾನು ಹೊತ್ತು ಕೋಲಾರದ ಬಸ್ಸು ಹತ್ತಿದ್ದೇ ತಡ, ಕಂಡಕ್ಟರು ಹಲ್ಲು ಕಿರಿದ.

"ಕದಿರೇಶಣ್ಣಾ, ಹಾಲಿಗೆ ಮಾತ್ರ ಲಗೇಜು. ಒಳಗಿರೋ ನೀರು ಫ್ರೀ!"

ಬಸ್ಸಿಗೆ ಬಸ್ಸೇ ನಕ್ಕಿತು. ಕದಿರೇಶನ ಕಿವಿ ಕಾದ ಬಾಣಲೆಯಾಯಿತು. ಬಾಯಿ ತೆರೆಯುವಷ್ಟರಲ್ಲಿ ಭಾನುವಾರ ಪಾಸ್ಟರಯ್ಯ ಹೇಳಿದ್ದು ನೆನಪಾಯಿತು: ಚಾಡಿ ಹೇಳಿದವನನ್ನೂ ಕ್ಷಮಿಸಬೇಕು. ಸರಿ, ಕ್ಷಮಿಸಿಯೇ ಬಿಡೋಣ ಅಂದುಕೊಂಡ. ಆದರೆ ಯಾರನ್ನ? ವಿಳಾಸವಿಲ್ಲದ ಕ್ಷಮೆಯನ್ನು ಯಾರ ಮನೆಗೆ ಮುಟ್ಟಿಸೋದು?

"ಯಾರಪ್ಪಾ ಹಂಗಂದಿದ್ದು?"

"ಕೋದಂಡರಾಮಪ್ಪನೋರು ಸ್ಟಾಪಲ್ಲಿ ಹೇಳ್ತಿದ್ರು."

ಹೊಲದ ಬದುವಿಗೆ ತನ್ನ ಜೊತೆ ಜಗಳ ತೆಗೆದಿದ್ದ ಕೋದಂಡರಾಮಪ್ಪ! ಇನ್ಯಾರು ಮತ್ತೆ?

ಕದಿರೇಶನ ಹಾಲೆಲ್ಲ ಹೋಗುವುದು ಕೋಲಾರ ಬಸ್ ಸ್ಟ್ಯಾಂಡಿನ ಓಬೇದುಲ್ಲಾ ಭಾಯಿಯ ಟೀ ಅಂಗಡಿಗೆ. ಅದೊಂದು ತಪ್ಪಿದರೆ ಹಸುಗಳಿಗೆ ಹಾಕುವ ಹಿಂಡಿಗೂ ತತ್ವಾರ. ಭಾಯಿಗೆ ಈ ಸುದ್ದಿ ಮುಟ್ಟಿರಲಿಲ್ಲ. ಕದಿರೇಶನೇ ಮುಟ್ಟಿಸಿದ.

"ಭಾಯ್, ನನ್ನ ಹಾಲಲ್ಲಿ ನೀರಿದೆ ಅಂತ ಯಾರಾದ್ರೂ ಅಂದ್ರೆ ಬೇಜಾರು ಮಾಡ್ಕೋಬೇಡಿ. ಅವರನ್ನ ನಾನು ಕ್ಷಮಿಸ್ಬಿಟ್ಟಿದೀನಿ."

ಸಕ್ಕರೆ ಹಾಕುತ್ತಿದ್ದ ಭಾಯಿಯ ಕೈ ನಿಂತಿತು. ಬಾವಿ ಇಣುಕುವಂತೆ ಕ್ಯಾನಿನೊಳಗೆ ಇಣುಕಿದರು.

"ಕ್ಯಾ ಮಿಯಾ? ನೀರು ಹಾಕದೋನಿಗೆ ಸಿಟ್ಟು ಬರ್ಬೇಕಲ್ಲ, ನಿಂಗೆ ಕ್ಷಮೆ ಯಾಕೆ ಬಂತು? ಆ ಮಾತು ಎಬ್ಬಿಸ್ದೋರ ಬಾಯಲ್ಲೇ 'ಸುಳ್ಳು' ಅಂತ ಸಂಜೆ ಒಳಗೆ ಫೋನಲ್ಲಿ ಹೇಳ್ಸು. ಇಲ್ದಿದ್ರೆ ನಾಳೆಯಿಂದ ಬೇರೆ ಹಾಲು ನೋಡ್ಕೊಳ್ತೀನಿ."

ಕದಿರೇಶ ಮುಂದಿನ ಬಸ್ಸಿಗೇ ಊರಿಗೆ ಓಡಿ ಬಂದ. ಕೋದಂಡರಾಮಪ್ಪ ಅರಳಿಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೂತಿದ್ದರು.

"ಅಣ್ಣಾ, ನಿನ್ನ ಕ್ಷಮಿಸಿದೀನಿ," ಅಂದ ಕದಿರೇಶ, ಎರಡೂ ಕೈ ಜೋಡಿಸಿ.

ಕೋದಂಡರಾಮಪ್ಪ ಚೇಳು ಕಡಿದವರಂತೆ ಎದ್ದರು. "ಏನ್ಲಾ! ನನ್ನ ಕ್ಷಮಿಸೋಕೆ ನಾನೇನು ನಿಮ್ಮನೆ ಕೋಳಿ ಕದ್ದಿದೀನಾ? ನಾಲ್ಕು ಬೈದಿದ್ರೆ ಬೈಸ್ಕೊಂಡು ಸುಮ್ನಿರ್ತಿದ್ದೆ. ಜನರ ಮುಂದೆ ಕ್ಷಮಿಸಿ ಮಾನ ಕಳೀತೀಯಾ?"

"ಹಾಲಿಗೆ ನೀರು ಹಾಕ್ತೀನಿ ಅಂದ್ಯಂತಲ್ಲಣ್ಣಾ?"

ಕಟ್ಟೆಯಲ್ಲಿ ಈವರೆಗೆ ಕೇಳದಿದ್ದವರೂ ಈಗ ಕೇಳಿದರು. "ಹೌದೇನ್ಲಾ, ನೀರು ಹಾಕ್ತೀಯಾ?"

"ಅಂಜಮ್ಮ ಹೇಳಿದ್ದನ್ನ ನಾನು ಹೇಳ್ದೆ. ಹೋಗಿ ಅವಳನ್ನ ಕ್ಷಮಿಸು!" ಎಂದರು ಕೋದಂಡರಾಮಪ್ಪ.

ಅಂಜಮ್ಮ ಪಕ್ಕದ ಮನೆಯವಳು. ಮಂಡಿನೋವಿಗೆಂದು ಕದಿರೇಶನ ಮನೆಯಲ್ಲಿ ನಡೆಯುವ ಶುಕ್ರವಾರದ ಪ್ರಾರ್ಥನೆಗೆ ಬಂದು, ನೋವು ಹೋದಮೇಲೂ ಕಾಫಿಗೆಂದು ಬರುತ್ತಿದ್ದಳು. ಕದಿರೇಶ ಅವಳನ್ನೇ ಹೋಗಿ ಕೇಳಿದ.

"ಅಯ್ಯೋ ನಾ ತಂಡ್ರೀ, ನನ್ನಪ್ಪಾ! ನಾನ್ಯಾಕೆ ಆ ಮಾತು ಹುಟ್ಟಿಸಲಿ? ನಿಮ್ಮನೇಲೇ ಕೇಳಿದ್ದು ಕಣಪ್ಪಾ. ಹೋದ ಶುಕ್ರವಾರ ನಿನ್ ಹೆಂಡ್ತಿ ಸುನಂದ ಕಣ್ಣೀರು ಹಾಕ್ಕೊಂಡು, 'ಕರ್ತನೇ, ನನ್ ಗಂಡ ಹಾಲಿಗೆ ನೀರು ಹಾಕ್ತಾನೆ ಅಂತ ಯಾರೂ ಅನ್ನದಂಗೆ ಕಾಪಾಡು' ಅಂದ್ಳು. ಏನೂ ಇಲ್ದೆ ಅಳ್ತಾಳಾ? ಪಾಪ ಅನ್ನಿಸ್ತು. ನೀವೂ ಪ್ರಾರ್ಥನೆ ಮಾಡಿ ಅಂತ ನಾಲ್ಕು ಜನಕ್ಕೆ ಹೇಳ್ದೆ, ಅಷ್ಟೇ."

ಕದಿರೇಶ ಮನೆಗೆ ಬಂದು ಖಾಲಿ ಕ್ಯಾನನ್ನು ದಢಾರನೆ ಕುಕ್ಕಿದ. ಓಣಿಯ ನಾಯಿಗಳೆಲ್ಲ ಎದ್ದವು.

"ಹೌದ್ರೀ, ಬೇಡ್ಕೊಂಡೆ," ಅಂದಳು ಸುನಂದ. "ಡೇರಿಯಲ್ಲಿ ನಮ್ಮೂರ ಮುನಿರಾಮಪ್ಪನ ಹಾಲು ನೀರು ಅಂತ ವಾಪಸ್ ಕಳ್ಸಿದ್ರು. ಅಂಥ ಹೆಸರು ನಿಮಗೆ ಬರದಿರ್ಲಿ ಅಂತ ಮುಂಚೇನೇ ಬೇಡ್ಕೊಂಡ್ರೆ ತಪ್ಪಾ?"

ಕದಿರೇಶ ಇಲ್ಲೂ ಕೈ ಜೋಡಿಸಿದ. "ಹೋಗ್ಲಿ, ನಿನ್ನ ಕ್ಷಮಿಸಿದೀನಿ."

"ಕ್ಷಮಿಸಿದೀರಾ? ನಿಮಗೋಸ್ಕರ ಅತ್ತೋಳು ನಾನು!" ಸೆರಗು ಕಣ್ಣಿಗೆ ಹೋಯಿತು.

ಅಷ್ಟರಲ್ಲಿ ಭಾಯಿಯ ಫೋನು ಬಂತು. "ಸಿಕ್ಕಿದ್ನಾ ಆ ಸುಳ್ಳ?"

"ಸಿಕ್ಕಿದ್ರು ಭಾಯ್. ನನ್ ಹೆಂಡ್ತಿ."

ಭಾಯಿ ಮೆಲ್ಲಗೆ ಅಂದರು: "ಹಾಗಾದ್ರೆ ನಿಜಾನೇ ಇರ್ಬೇಕು. ನಾಳೆ ಕ್ಯಾನು ತರ್ಬೇಡ."

ಅಂದೂ ಶುಕ್ರವಾರ. ಸಂಜೆ ಹೆಂಗಸರೆಲ್ಲ ಪ್ರಾರ್ಥನೆಗೆ ಸೇರಿದರು. ಹೊರಗೆ ಹಸುವಿನ ಪಕ್ಕ ತಲೆಯ ಮೇಲೆ ಕೈಹೊತ್ತು ಕೂತಿದ್ದ ಕದಿರೇಶನಿಗೆ ಒಳಗಿನಿಂದ ಹೆಂಡತಿಯ ಬಿಕ್ಕು ಕೇಳಿಸಿತು.

"ಕರ್ತನೇ, ಇವತ್ತು ಕ್ಯಾನು ಕುಕ್ಕಿದ ಸದ್ದು ಓಣಿಗೆಲ್ಲ ಕೇಳಿದೆ. ನನ್ ಗಂಡ ಹೆಂಡ್ತಿಗೆ ಹೊಡೀತಾನೆ ಅಂತ ಯಾರೂ ಅನ್ನದಂಗೆ ಕಾಪಾಡಪ್ಪಾ!"

ಕದಿರೇಶ ಧಡಕ್ಕನೆ ಎದ್ದು ಬಾಗಿಲಿಗೆ ಓಡಿದ. ಎಲ್ಲರಿಗಿಂತ ಜೋರಾಗಿ "ಆಮೆನ್" ಅಂದವಳು ಅಂಜಮ್ಮ. ಕಣ್ಣು ಬಿಡುವ ಮೊದಲೇ ಅವಳ ಕಾಲು ಹೊಸ್ತಿಲಾಚೆ ಚಪ್ಪಲಿ ಹುಡುಕುತ್ತಿತ್ತು.