ಲೇಬಲ್ ಇಲ್ಲದ ಡಬ್ಬಿ

ಮುದ್ರಣಾಲಯದಲ್ಲಿ ಕರಡು ತಿದ್ದುವ ಅವನನ್ನು ಎಲ್ಲರೂ ಕರಡಪ್ಪ ಎನ್ನುತ್ತಿದ್ದರು (ಬೆನ್ನ ಹಿಂದೆ, ಕರಡಿ). ಅಚ್ಚಾದದ್ದು ಏನೇ ಕಂಡರೂ ಓದಿ ತಪ್ಪು ಹುಡುಕದಿದ್ದರೆ ಅವನಿಗೆ ತಿಂದ ಅನ್ನ ಅರಗದು. ಬಚ್ಚಲುಮನೆಯಲ್ಲಿ ಸೋಪಿನಿಂದ ಟೂತ್‌ಪೇಸ್ಟಿನವರೆಗೆ ಅವನು ಓದದ ಲೇಬಲ್ ಇರಲಿಲ್ಲ. ಒಂದು ಡಬ್ಬಿ ಮಾತ್ರ ಬಾಕಿ. ಅದು ಅವನದೇ, ಅದರ ಮೇಲೆ ಲೇಬಲ್ಲೇ ಇರಲಿಲ್ಲ.

ಹೆಂಡತಿ ಬಸ್ ಓಡಿಸುವವಳು. ವರ್ಷಗಟ್ಟಲೆ ಕಿಟಕಿಯ ಬಿಸಿಲು ತಿಂದು ಆ ಕಡೆಯ ಕೆನ್ನೆಯ ಮೇಲೆ ಒಂದು ಕಲೆ ಎದ್ದಿತ್ತು. ಚರ್ಮದ ಡಾಕ್ಟರಮ್ಮ ಅದನ್ನು ಕತ್ತರಿಸಿ ತೆಗೆದು, "ಬಿಟ್ಟಿದ್ರೆ ಕ್ಯಾನ್ಸರ್ ಆಗ್ತಿತ್ತು. ಇನ್ಮೇಲೆ ಸನ್‌ಸ್ಕ್ರೀನ್ ಹಚ್ಚದೆ ಸ್ಟೀರಿಂಗ್ ಮುಟ್ಟಬೇಡಿ" ಎಂದಿದ್ದರು. ಅಂದು ಆಸ್ಪತ್ರೆಯ ಬೆಂಚಿನ ಮೇಲೆ ಕರಡಪ್ಪ ಮಗುವಿನ ಹಾಗೆ ಅತ್ತಿದ್ದ. ಅವಳಿಲ್ಲದ ಮನೆಯನ್ನು ಅವನಿಂದ ನೆನೆಯಲೂ ಆಗದು.

ಆ ಭಯವೇ ಮುಂದಿನ ಮಹಾ ಎಡವಟ್ಟಿಗೆ ಮೂಲ. ಸನ್‌ಸ್ಕ್ರೀನಿನ ರಾಸಾಯನಿಕ ಚರ್ಮದ ಮೂಲಕ ರಕ್ತಕ್ಕೆ ಇಳಿಯುತ್ತದೆ ಎಂಬ ಲೇಖನದ ಕರಡು ಅವನ ಮೇಜಿಗೆ ಬಂತು. ಮನೆಗೆ ಬಂದವನೇ ಹೆಂಡತಿಯ ಟ್ಯೂಬ್ ತಿರುಗಿಸಿ ನೋಡಿದ. ಅದೇ ಹೆಸರು: ಆಕ್ಸಿಬೆಂಜೋನ್.

"ಈ ಮನೇಲಿ ಇದಿರಬೇಕು, ಇಲ್ಲ ನಾನಿರಬೇಕು!"

"ಅದು ಗೊರಕೆ ಹೊಡೆಯಲ್ಲ ಕಣ್ರೀ. ಯೋಚ್ನೆ ಮಾಡಿ ಹೇಳ್ತೀನಿ."

"ತಮಾಷೆ ಬೇಡ ಕಣೇ. ನಿನ್ನ ರಕ್ತಕ್ಕೆ ಸೇರುತ್ತಂತೆ. ನಂಗೆ ಭಯ ಆಗುತ್ತೆ."

ಅವನ ಕಣ್ಣು ತುಂಬಿದ್ದನ್ನು ಕಂಡು ಅವಳು ಟ್ಯೂಬನ್ನು ಅವನ ಕೈಗೇ ಬಿಟ್ಟಳು. ಟ್ಯೂಬ್ ಕಸದಬುಟ್ಟಿ ಸೇರಿತು. ಅವಳು ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಬಸ್ ಓಡಿಸತೊಡಗಿದಳು. ತಿರುವು ಬಂದಾಗಲೆಲ್ಲ ಅದು ಜಾರಿ ಕೊರಳಿಗೆ ಬೀಳುತ್ತಿತ್ತು.

ಈ ರಾಸಾಯನಿಕ ಯಾರ ಮೈಯಲ್ಲಿ ಎಷ್ಟಿದೆ ಎಂದು ಡಾಕ್ಟರಮ್ಮನೂ ಅಧ್ಯಯನ ನಡೆಸುತ್ತಿದ್ದರು. ಗಂಡಹೆಂಡಿರಿಬ್ಬರೂ ಮೂತ್ರ ಕೊಟ್ಟು ಬಂದರು. ಕರಡಪ್ಪ ತನ್ನ ಸೀಸೆಯನ್ನು ಪಾರಿತೋಷಕದಂತೆ ಎರಡೂ ಕೈಯಲ್ಲಿ ಒಪ್ಪಿಸಿದ.

ಮತ್ತೆ ಹೋದಾಗ ಡಾಕ್ಟರಮ್ಮ ಮೊದಲು ಕೆನ್ನೆ ನೋಡಿದರು. ಹಳೆಯ ಹೊಲಿಗೆಯ ಸುತ್ತ ಚರ್ಮ ಕೆಂಡದಂತಾಗಿತ್ತು.

"ಹಚ್ತಾ ಇಲ್ವಾ?"

ಕರಡಪ್ಪ ಎದೆಯುಬ್ಬಿಸಿ, "ನಾನೇ ಎಸೆದೆ. ಅದು ವಿಷ!" ಎಂದ.

"ಹೌದಾ? ಇವರ ಮೈಯಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಿಮ್ಮಲ್ಲಿ ತುಂಬಿ ತುಳುಕ್ತಿದೆ."

"ಅಚ್ಚಿನ ತಪ್ಪು!"

"ಏನು ಹಚ್ಕೊಳ್ತೀರಿ?"

"ಏನೂ ಇಲ್ಲ."

ಹೆಂಡತಿ ಕೆಮ್ಮಿ, ಚೀಲದಿಂದ ಹೊಸ ಡಬ್ಬಿಯೊಂದನ್ನು ತೆಗೆದಿಟ್ಟಳು. "ಇವರ ತಲೆಗೂದಲ ಕ್ರೀಮು. ಹಚ್ಚಿದ ಬಣ್ಣ ಬಿಸಿಲಿಗೆ ಮಾಸದ ಹಾಗೆ ಕಾಯುತ್ತೆ. ಡಬ್ಬಿ ತಳ ಕಂಡಿತ್ತು, ಬರ್ತಾ ತಂದೆ."

ಕರಡಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. ಬಣ್ಣದ ಗುಟ್ಟು ಬಯಲಾದೀತೆಂದು ಆ ಡಬ್ಬಿಯ ಲೇಬಲ್ಲನ್ನು ಅವನು ಅಂಗಡಿಯ ಮೆಟ್ಟಿಲ ಮೇಲೇ ಓದದೆ ಕಿತ್ತು ಜೇಬಿಗೆ ತುರುಕುತ್ತಿದ್ದ. ಆ ಅಂಗಿಯನ್ನು ಒಗೆಯುವವಳು ಯಾರೆಂದು ಯೋಚಿಸಿರಲಿಲ್ಲ. ಹೊಸ ಡಬ್ಬಿಯದನ್ನು ಈಗ ಓದಿದ. ಮೂರನೆಯ ಸಾಲಿನಲ್ಲೇ ಆಕ್ಸಿಬೆಂಜೋನ್ ಇತ್ತು, ಕಾಗುಣಿತ ಕೂಡ ಸರಿಯಾಗಿತ್ತು.

ಡಾಕ್ಟರಮ್ಮ ನಗಲಿಲ್ಲ. "ಇದು ಮೈಗೆ ಸೇರೋದು ನಿಜ. ಸೇರಿ ಏನ್ಮಾಡುತ್ತೆ ಅಂತ ಇನ್ನೂ ಪೂರ್ತಿ ಗೊತ್ತಿಲ್ಲ. ಬಿಸಿಲು ಏನ್ಮಾಡುತ್ತೆ ಅನ್ನೋದು ಇವರ ಕೆನ್ನೆ ಮೇಲೇ ಇದೆ. ಸದ್ಯ, ಸುಟ್ಟಿದೆ ಅಷ್ಟೆ. ಭಯ ಇದ್ರೆ ಬಿಸಿಲು ತಡೆಯೋ ಸತುವಿನ ಮುಲಾಮು ಇದೆ, ಬೆಳ್ಳಗೆ ಕಾಣುತ್ತೆ. ಎಸೆಯೋ ಮುಂಚೆ ನನ್ನ ಕೇಳಬಾರದಿತ್ತಾ?"

ಅವಳನ್ನು ಉಳಿಸಿಕೊಳ್ಳಲು ಹೋಗಿ ಅವಳನ್ನೇ ಬಿಸಿಲಿಗೆ ಒಡ್ಡಿದ್ದೆನಲ್ಲ ಎಂದುಕೊಳ್ಳುತ್ತ ಕರಡಪ್ಪ ಮುಲಾಮಿನ ಹೆಸರು ಬರೆಸಿಕೊಂಡ.

ಮರುದಿನ ಬೆಳಿಗ್ಗೆ ಮುಲಾಮು ಹಚ್ಚುವ ಕೆಲಸ ಅವನೇ ವಹಿಸಿಕೊಂಡ.

"ಸಾಕ್ರೀ, ಗೋಡೆಗೆ ಸುಣ್ಣ ಬಳೀತಿದೀರಾ?"

"ಅಲ್ಲಾಡಬೇಡ, ಇನ್ನೊಂದು ಸಲ."

ತನ್ನ ಡಬ್ಬಿಯನ್ನೂ ಬಣ್ಣವನ್ನೂ ಅವತ್ತೇ ಬಿಟ್ಟ. ಬೇಸಿಗೆ ಮುಗಿಯುವಷ್ಟರಲ್ಲಿ ಅವಳ ಕೆನ್ನೆ ತಿಳಿಯಾಯಿತು, ಅವನ ತಲೆ ಬೆಳ್ಳಗಾಯಿತು.

"ಅಯ್ಯೋ ಕರಡಪ್ಪ, ಹೆಂಡ್ತಿ ಚಿಂತೇಲಿ ತಲೆಯೆಲ್ಲ ಹಣ್ಣಾಯ್ತಲ್ಲಪ್ಪ!" ಎಂದು ಮುದ್ರಣಾಲಯದ ಮೇಸ್ತ್ರಿ ಮರುಗಿದ.

ಕರಡಪ್ಪ ಬಾಯಿ ತೆರೆದ, ಮತ್ತೆ ಮುಚ್ಚಿದ. ಹುಟ್ಟಿದಂದಿನಿಂದ ಮೊದಲ ಸಲ, ಒಂದು ತಪ್ಪನ್ನು ತಿದ್ದದೆ ಹಾಗೆಯೇ ಬಿಟ್ಟ.