ಪ್ರತಿನಿಧಿ ಬೇಕಾಗಿದ್ದಾರೆ

ಎಲ್ಲ ಎಡವಟ್ಟಿಗೂ ಕಾರಣ ಕೆಲಸಗಾರರು ತೊಡುವ ಒಂದು ನೀಲಿ ಅಂಗಿ. ಕ್ಸಾರ್ ಹೆಲಾಲ್ ಊರಿನ ಆ ಜೀನ್ಸ್ ಕಾರ್ಖಾನೆಯೊಳಗೆ ಕಾಲಿಡುವವರು ಯಾರೇ ಇರಲಿ, ಕಾವಲುಗಾರ ಅದನ್ನು ತೊಡಿಸಿಯೇ ಬಿಡುತ್ತಾನೆ. ಪಾಪ, ಶುಕ್ರಿ ಬಂದದ್ದು ಸಂಶೋಧನೆಗೆ. ದೂರದೇಶದಲ್ಲಿ ತಮಗಾಗಿ ಬಟ್ಟೆ ಹೊಲಿಯುವವರ ಹಕ್ಕು ಕಾಯಲು ಯುರೋಪಿನವರು ಕಾನೂನು ಮಾಡಿದ್ದಾರಲ್ಲ, ಅದರಲ್ಲಿ ಹೊಲಿಯುವವರ ದನಿ ಎಲ್ಲಿದೆ ಎಂಬುದೇ ಅವನ ಪ್ರಬಂಧ. ಕೆಲಸಗಾರರೇ ಆರಿಸಿದ ಒಬ್ಬ ಪ್ರತಿನಿಧಿಯ ಸಂದರ್ಶನ ಇವತ್ತು ಸಿಗದಿದ್ದರೆ ಪ್ರಬಂಧವೂ ಇಲ್ಲ, ಪದವಿಯೂ ಇಲ್ಲ.

"ಪ್ರತಿನಿಧಿನಾ? ಇದ್ದಾನಲ್ಲ, ನನ್ನ ಭಾಮೈದ," ಎಂದರು ಮಾಲೀಕ ತಿಜಾನಿ.

"ಆರಿಸಿದ್ದು ಯಾರು?"

"ನಾನೇ. ಈ ಹೆಂಗಸರಿಗ್ಯಾಕೆ ತೊಂದರೆ ಕೊಡೋದು ಅಂತ."

ಶುಕ್ರಿ ನೇರ ಹೊಲಿಗೆ ಸಾಲಿಗೆ ನಡೆದ. ಎಲ್ಲರಿಗೂ ಹಿರಿಯಳಾದ ಮಬ್ರೂಕಾ ತಲೆ ಎತ್ತದೆಯೇ ಖಾಲಿ ಮೆಷಿನ್ ತೋರಿಸಿದಳು. "ಕೂತ್ಕೊಳ್ಳಪ್ಪ. ಇಲ್ಲಿ ಕೈ ನಿಂತರೆ ಮೇಸ್ತ್ರಿ ಬಾಯಿ ಶುರುವಾಗುತ್ತೆ. ಅದೇನು ಕೇಳ್ತೀಯೋ ಜೇಬು ಹೊಲೀತಾ ಕೇಳು."

ಅವನು ಕೇಳಿದ, ಹೊಲಿದ, ಬೆರಳಿಗೆ ಚುಚ್ಚಿಕೊಂಡ. ಜೇಬೆಲ್ಲ ಬಾಯಿ ಕೆಳಗಾಗಿ ಕೂತವು.

"ಹಿಂದಿನ ಬಾಗಿಲಿಗೆ ಯಾವಾಗಲೂ ಬೀಗ," ಎಂದಳು ಮಬ್ರೂಕಾ. "ಬೆಂಕಿ ಬಿದ್ದರೆ ನಮ್ಮ ಗತಿ ಅಷ್ಟೇ. ಕೇಳೋಕೆ ಹೋದ ಹುಡುಗಿ ಮಾರನೇ ದಿನವೇ ಮನೆಗೆ."

"ನಿಮ್ಮಲ್ಲೇ ಒಬ್ಬರನ್ನ ಆರಿಸ್ಕೊಳ್ಳಿ, ಚಿಕ್ಕಮ್ಮ."

"ನಿಲ್ಲೋರು ಯಾರಪ್ಪ?"

ಮಧ್ಯಾಹ್ನ ಕುಸ್‌ಕುಸ್ ಬಡಿಸುವ ಹೊತ್ತಿಗೆ ಬಟ್ಟೆ ಕೊಳ್ಳುವ ಕಂಪನಿಯ ತಪಾಸಣೆಯವಳು ಬಂದಳು. ಶುಕ್ರಿಯ ನಾಲಿಗೆ ಸುಮ್ಮನಿರಬೇಕಲ್ಲ. "ಇಲ್ಲಿ ಪ್ರತಿನಿಧಿಯ ಚುನಾವಣೆಯೇ ನಡೆದಿಲ್ಲ," ಎಂದುಬಿಟ್ಟ. ಹಾಗಾದರೆ ಆರ್ಡರೂ ಇಲ್ಲ ಎಂದು ಅವಳು ಚೀಲ ಮುಚ್ಚಿದಳು. ತಿಜಾನಿ ತಟ್ಟೆ ಬಿಟ್ಟು ಎದ್ದರು. "ಈಗಲೇ ನಡೆಸೋಣ ಮೇಡಂ. ನಿಲ್ಲೋರು ಯಾರಮ್ಮ?"

ಮಬ್ರೂಕಾ ಎದ್ದು ಅವನತ್ತ ಬೆರಳು ಮಾಡಿದಳು. "ಶುಕ್ರಿ."

ಊಟದ ಮನೆಯ ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು.

"ಅಯ್ಯೋ, ನಾನು ಇಲ್ಲಿಯವನಲ್ಲ ಚಿಕ್ಕಮ್ಮ."

"ಅಂಗಿ ನಮ್ಮದು. ಬೆಳಿಗ್ಗೆಯಿಂದ ಜೇಬು ಹೊಲಿದಿದ್ದೀಯ. ಕೆಟ್ಟದಾಗಿ ಹೊಲಿದೆ, ಅದು ಬೇರೆ ಮಾತು. ನಮ್ಮನ್ನಾದರೆ ನಾಳೆ ಕಿತ್ತುಹಾಕ್ತಾರೆ. ಕೆಲಸವೇ ಇಲ್ಲದವನನ್ನ ಎಲ್ಲಿಂದ ಕಿತ್ತುಹಾಕ್ತಾರೆ?"

ಚುನಾವಣೆ ಆಯಿತೆಂದು ಒಪ್ಪಿ ತಪಾಸಣೆಯವಳು ತಲೆಯಾಡಿಸಿದಳು. ಆರ್ಡರ್ ಉಳಿದರೆ ಸಾಕೆಂದು ತಿಜಾನಿಯೂ ತಲೆಯಾಡಿಸಿದರು. ಶುಕ್ರಿ ಮೊದಲ ಬೇಡಿಕೆ ಇಟ್ಟ: ಬೀಗ ತೆಗೀಬೇಕು, ಮತ್ತೆ ಹಾಕಕೂಡದು. ಕೀಲಿ ಬಂತು. ಬಾಗಿಲು ಕಿರುಗುಟ್ಟಿ ತೆರೆದದ್ದೇ ತಡ, ಗಾಳಿ ಒಳನುಗ್ಗಿತು. ಹೆಂಗಸರು ಮದುವೆಮನೆಯಲ್ಲಿ ಮಾಡುವಂತೆ ನಾಲಿಗೆ ಹೊರಳಿಸಿ ಕೇಕೆ ಹಾಕಿದರು. ಶುಕ್ರಿಗೆ ಕಣ್ಣು ತುಂಬಿ ಬಂತು. ಜನ್ಮದಲ್ಲಿ ಅವನು ಗೆದ್ದದ್ದು ಇದೇ ಮೊದಲು.

ಆ ಉಬ್ಬಿನಲ್ಲೇ ತನ್ನ ಮಾರ್ಗದರ್ಶಿ ಪ್ರೊಫೆಸರ್ ಲಮಿಯಾಗೆ ಫೋನ್ ಮಾಡಿದ. "ಮೇಡಂ, ಆರಿಸಿ ಬಂದ ಪ್ರತಿನಿಧಿ ಸಿಕ್ಕಿದ. ನಾನೇ."

"ಬಹಳ ಸಂತೋಷ," ಎಂದರು ಆಕೆ. "ಆದರೆ ನಿಮ್ಮನ್ನ ನೀವೇ ಸಂದರ್ಶನ ಮಾಡೋಕಾಗಲ್ಲವಲ್ಲ ಶುಕ್ರಿ. ಈ ವಿಷಯ ನಿಮ್ಮ ಸಹಪಾಠಿ ಹಾತಿಮ್‌ಗೆ ಕೊಡ್ತೀನಿ. ನಾಳೆ ಬರ್ತಾನೆ. ಪಾಪ, ಅವನಿಗೆ ಸಂದರ್ಶನ ಕೊಡೋಕೆ ಸ್ವಲ್ಪ ಬಿಡುವು ಮಾಡ್ಕೊಳ್ಳಿ."

ಶುಕ್ರಿ ಬಾಯಿ ತೆರೆಯುವಷ್ಟರಲ್ಲಿ ಬೆನ್ನ ಹಿಂದೆ ಮಬ್ರೂಕಾಳ ದನಿ ಕೇಳಿತು.

"ಫೋನ್ ಇಡು, ಪ್ರತಿನಿಧಿ. ಆ ತಲೆಕೆಳಗಾದ ಜೇಬುಗಳನ್ನ ಬಿಚ್ಚೋರು ಯಾರು?"