ಎಣ್ಣಿ ಗ್ಯಾಸಿನ ಗೊಂದಲ

ನಾನು ಹೇಳಿದ್ದೊಂದು, ಎದುರಿನವರು ತಿಳಿದುಕೊಂಡದ್ದು ಇನ್ನೊಂದು ಆಗದ ವಾರವೇ ನನ್ನ ಬದುಕಿನಲ್ಲಿಲ್ಲ. ತಪ್ಪು ಯಾರದೆಂದು ಯೋಚಿಸುತ್ತಾ ಕೂತರೆ ಕೊನೆಗೆ ನನಗೇ ತಲೆ ತಿರುಗುತ್ತದೆ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಕಡೆ ಮೂವತ್ತು ವರ್ಷ ದುಡಿದು, ನಿವೃತ್ತನಾಗಿ ರಾಯಚೂರಿನಲ್ಲಿ ಮನೆ ಮಾಡಿಕೊಂಡಿದ್ದೇನೆ. ಇಡೀ ದಿನ ಮನೆಯಲ್ಲಿ ಕೂತರೆ ಹೆಂಡತಿ ಕಸ ಗುಡಿಸುವಾಗ ನನ್ನನ್ನೂ ಸರಿಸಿ ಸರಿಸಿ ಗುಡಿಸಬೇಕಾಗುತ್ತದೆ. ಅದಕ್ಕೇ ಸುತ್ತಲಿನ ಅಕ್ಕಿ ಗಿರಣಿಗಳ ಬಾಯ್ಲರ್ ನೋಡಿಕೊಡುವ ಕೆಲಸ ಹಿಡಿದೆ. ಈ ಎಣ್ಣಿ ಗ್ಯಾಸು ನನಗೆ ಗಂಟು ಬಿದ್ದದ್ದು ಹಾಗೆ.

ಮೊದಲು ಯಾವುದು?

ಮಾನ್ವಿಯಲ್ಲಿ ಒಬ್ಬ ಗಿರಣಿ ಸಾಹುಕಾರರಿದ್ದಾರೆ. ನೆನೆಸಿದ ನೆಲ್ಲನ್ನು, ಅಂದರೆ ಭತ್ತವನ್ನು, ಉಗಿಯಲ್ಲಿ ಬೇಯಿಸಲು ಅವರಲ್ಲಿ ಬಾಯ್ಲರ್ ಇದೆ. ಅದರ ಒಲೆಗೆ ಮೊದಲಿಂದಲೂ ನೆಲ್ಲಿನ ಹೊಟ್ಟನ್ನೇ ಹಾಕುತ್ತಿದ್ದರು. ಹೊಟ್ಟಿನ ಬೂದಿ ಹಾರಿ ಹಾರಿ ಓಣಿಯ ಒಗೆದ ಬಟ್ಟೆಗಳ ಮೇಲೆ, ಒಣಗಲು ಇಟ್ಟ ಹಪ್ಪಳದ ಮೇಲೆ ಬೀಳುತ್ತಿತ್ತು. ಒಂದು ದಿನ ಓಣಿಯ ಹೆಂಗಸರೆಲ್ಲ ಬೂದಿ ಹಿಡಿದ ಸೀರೆಗಳನ್ನು ತಂದು ಸಾಹುಕಾರರ ಮೇಜಿನ ಮೇಲೆ ಹಾಕಿ ಹೋದರು. ಆಗ ಅವರು ಎಲ್ಲಿಂದಲೋ ಈ ಹೊಸ ಯಂತ್ರ ತರಿಸಿದರು.

ಯಂತ್ರ ಅಂದರೆ ಆಳೆತ್ತರದ ಕಬ್ಬಿಣದ ಡ್ರಮ್ಮು, ಒಳಗೆ ಸುರುಳಿ ಪೈಪು. ಕಾದ ಸುರುಳಿಗೆ ಎಣ್ಣೆ ಇಳಿದರೆ ಅದು ಗ್ಯಾಸಾಗುತ್ತದೆ. ಆ ಗ್ಯಾಸು ಸಣ್ಣ ಮೂತಿಯಿಂದ ನುಗ್ಗಿ ಬಾಯ್ಲರ್ ಒಲೆಯೊಳಗೆ ನೀಲಿಯಾಗಿ ಉರಿಯುತ್ತದೆ. ಹೊಗೆಯಿಲ್ಲ, ಬೂದಿಯಿಲ್ಲ.

ಇದನ್ನು ಅಲ್ಲಿನ ಹಳೇ ಫೈರ್‌ಮನ್ನನಿಗೆ ಕಲಿಸುವುದು ನನ್ನ ಕೆಲಸ. ಅವನು ಚೀಕಲಪರ್ವಿಯವನು. ಇಪ್ಪತ್ತೈದು ವರ್ಷ ಅದೇ ಒಲೆಗೆ ಹೊಟ್ಟು ತಳ್ಳಿದವನು.

"ಸಾಹೇಬ್ರ, ಗ್ಯಾಸ್ ಎಲ್ಲಿಂದ ಬರ್ತದ?" ಅಂದ.

"ಎಣ್ಣಿ ಕಾದ್ರ ಬರ್ತದ."

"ಎಣ್ಣಿ ಹೆಂಗ ಕಾಯ್ತದ?"

"ಗ್ಯಾಸ್ ಉರೀತದಲ್ಲ, ಅದರ ಬಿಸಿಗೇ ಕಾಯ್ತದ."

ಅವನು ಪೇಟ ತೆಗೆದು ತಲೆ ಕೆರೆದುಕೊಂಡ. "ಅಂದ್ರ ಗ್ಯಾಸ್ ಆಗಾಕ ಉರಿ ಬೇಕು, ಉರಿ ಆಗಾಕ ಗ್ಯಾಸ್ ಬೇಕು. ಮೊದಲು ಯಾವುದ್ರಿ?"

"ಮೊದಲು ಡ್ರಮ್ಮಿನ ಬುಡಕ್ಕ ಜರಾ ಕಟ್ಟಿಗಿ ಉರಿ ಹಾಕಬೇಕು."

"ಕಟ್ಟಿಗೀನೇ ಹಾಕೋದಾದ್ರ ಸೀದಾ ಬಾಯ್ಲರಿಗೆ ಹಾಕೋಣು. ನಡುವ ಈ ಎಣ್ಣಿ ಯಾಕ, ಗ್ಯಾಸ್ ಯಾಕ?"

ಮಾತಿನಲ್ಲಿ ಆಗದು ಅಂತ ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಚಿತ್ರ ಬರೆದೆ. ಎಣ್ಣಿಯಿಂದ ಗ್ಯಾಸಿಗೆ ಒಂದು ಬಾಣ, ಗ್ಯಾಸಿನಿಂದ ಉರಿಗೆ ಒಂದು, ಉರಿಯಿಂದ ಮತ್ತೆ ಎಣ್ಣಿಗೆ ಒಂದು. ಅವನು ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಬಾಣ ಹಿಡಿದು ಮೂರು ಸುತ್ತು ಸುತ್ತಿದ. ನಂತರ ತಲೆ ಎತ್ತಿ ಕೇಳಿದ:

"ಇದರಾಗಿಂದ ಹೊರಗ ಬರೋ ದಾರಿ ಎಲ್ಲಿ ಅದರಿ?"

ಬಗ್ಗಿ ನೋಡಿದೆ. ನಿಜವಾಗಿಯೂ ಇರಲಿಲ್ಲ. ಬಾಯ್ಲರಿಗೆ ಹೋಗುವ ಬಾಣ ಬರೆಯುವುದನ್ನೇ ನಾನು ಮರೆತಿದ್ದೆ.

ಪೂಜೆಯ ಪ್ರಸಾದ

ಯಂತ್ರ ಚಾಲೂ ಮಾಡುವ ದಿನ ಸಾಹುಕಾರರ ತಾಯಿ ಪೂಜೆ ಇಟ್ಟುಕೊಂಡರು. ದೊಡ್ಡ ಶಿವಭಕ್ತೆ. ಸಾಹುಕಾರರೂ ಅವರ ಬೀಗರೂ ಹೊಸ ಬಿಳಿ ಅಂಗಿ ತೊಟ್ಟು, ಹಣೆ ತುಂಬ ವಿಭೂತಿ ಬಳಿದುಕೊಂಡು ಸಾಲಾಗಿ ನಿಂತಿದ್ದರು.

ಇಂಥ ಒಲೆಗೆ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಉರಿ ಹಚ್ಚುವ ಮೊದಲು ಐದು ನಿಮಿಷ ಫ್ಯಾನ್ ಹಾಕಿ ಒಳಗೆ ನಿಂತ ಗ್ಯಾಸನ್ನು ಹೊರಗೆ ಹಾಕಬೇಕು. ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಐದು ಮಿನಿಟು ಯಾರೂ ಬೆಂಕಿ ಹಚ್ಚಬ್ಯಾಡ್ರಿ. ಒಳಗಿನ ಹವಾ ಸ್ವಚ್ಛ ಆಗ್ಲಿ."

ಅಮ್ಮನವರಿಗೆ ಕಿವಿ ಮಂದ. ಮಗನನ್ನು ಕೇಳಿದರು: "ಏನಂದ್ರು?"

ಮಗ ಕಿವಿಯ ಹತ್ತಿರ ಬಾಗಿ ಹೇಳಿದರು: "ಸ್ವಚ್ಛ ಆಗ್ಬೇಕಂತ ಯವ್ವಾ."

"ಹೌದಪ್ಪಾ, ಆಗ್ಲೇಬೇಕು," ಅಂದವರೇ ಕರ್ಪೂರದ ಆರತಿ ಎತ್ತಿಕೊಂಡು ಸೀದಾ ಒಲೆಯ ಬಾಗಿಲಿಗೆ ಬೆಳಗಲು ಹೋದರು. "ಅಮ್ಮಾರ, ಬ್ಯಾಡ್ರಿ!" ಅಂತ ನಾನು ಓಡಿ ಅವರ ಕೈಯನ್ನು ಬದಿಗೆಳೆದೆ. ಅಷ್ಟರಲ್ಲಿ ಉರಿಯುವ ಕರ್ಪೂರದ ಒಂದು ಚೂರು ಒಳಗೆ ಬಿದ್ದಾಗಿತ್ತು.

ಧುಪ್ ಅಂತ ಒಂದೇ ಸದ್ದು. ಪುಣ್ಯಕ್ಕೆ ಗ್ಯಾಸು ಇನ್ನೂ ಕಡಿಮೆ ಇತ್ತು, ಯಾರಿಗೂ ಏನೂ ಆಗಲಿಲ್ಲ. ಆದರೆ ಇಪ್ಪತ್ತೈದು ವರ್ಷದ ಹಳೇ ಮಸಿ ಒಲೆಯಿಂದ ಎದ್ದು ಬಂದು ಸಾಲಿನಲ್ಲಿ ನಿಂತವರನ್ನೆಲ್ಲ ಅಪ್ಪಿಕೊಂಡಿತು. ಹೊಗೆ ಇಳಿದಾಗ ಯಾರು ಸಾಹುಕಾರರು, ಯಾರು ಬೀಗರು, ಯಾರು ಫೈರ್‌ಮನ್ನು ಗೊತ್ತಾಗದು. ಬದಿಗೆ ಸರಿದಿದ್ದ ಅಮ್ಮನವರ ಮೇಲೆ ಮಾತ್ರ ಒಂದು ಚುಕ್ಕೆಯೂ ಬಿದ್ದಿರಲಿಲ್ಲ. ಕರಿ ಮುಖಗಳನ್ನು ಒಂದೊಂದಾಗಿ ನೋಡಿ, ಕೈ ಮುಗಿದು, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಸ್ವಚ್ಛ ಆತೇನಪ್ಪಾ?"

ಎಷ್ಟು ಬಿಸಿ ಇರ್ತದ?

ಈ ಯಂತ್ರಕ್ಕೆ ಹಾಕುತ್ತಿದ್ದದ್ದು ತವುಡಿನ ಎಣ್ಣೆಯ ಗಸಿ. ಎಣ್ಣೆ ಕಾರ್ಖಾನೆಯಲ್ಲಿ ಅಡುಗೆ ಎಣ್ಣೆ ತೆಗೆದ ಮೇಲೆ ತಳದಲ್ಲಿ ಉಳಿಯುವ ಮಾಲು. ಅದು ಕಾದರೆ ಮಂಡಾಳು, ಅಂದರೆ ಮಂಡಕ್ಕಿ, ಮಾರುವ ಅಂಗಡಿಯ ಬಾಣಲೆಯಲ್ಲಿ ಮಿರ್ಚಿ ಬಜ್ಜಿ ಬಿಟ್ಟಂಥ ವಾಸನೆ ಬರುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಓಣಿಗೆ ಗೊತ್ತಾಯಿತು.

ಮೂರನೇ ದಿನ ಸಂಜೆ ನಾನು ಚಹಾ ಕುಡಿದು ಬರುವಷ್ಟರಲ್ಲಿ ಬಾಯ್ಲರ್ ಮನೆಯಲ್ಲಿ ಏಳೆಂಟು ಜನ ಚೀಲಗಳ ಮೇಲೆ ಕೂತಿದ್ದಾರೆ. ಫೈರ್‌ಮನ್ನನನ್ನು ಬದಿಗೆ ಕರೆದೆ.

"ಯಾರಿವರು?"

"ಗೊತ್ತಿಲ್ರಿ. 'ಆಗ್ಯಾದೇನು?' ಅಂದ್ರು. 'ಇನ್ನ ಉರಿ ಹತ್ತಿಲ್ಲ, ಅರ್ಧ ತಾಸು ಕುಂದ್ರಿ' ಅಂದೆ. ಕುಂತಾರ."

ಹೊಸ ಯಂತ್ರ ನೋಡಲು ಬಂದ ಬೇರೆ ಗಿರಣಿಯವರು ಇರಬೇಕು ಅಂದುಕೊಂಡು ನಾನೂ ಹುರುಪಿನಿಂದ ವಿವರಿಸತೊಡಗಿದೆ. ಅವರಲ್ಲಿ ಒಬ್ಬರು, ಮೇಷ್ಟ್ರ ಹಾಗೆ ಕಾಣುವವರು, ಕೇಳಿದರು: "ಎಷ್ಟು ಬಿಸಿ ಇರ್ತದ್ರಿ?"

"ಎಂಟುನೂರು ಡಿಗ್ರಿ ಮ್ಯಾಲೇ."

ಅವರು ಪಕ್ಕದವರ ಮುಖ ನೋಡಿದರು. "ಬಾಯಿ ಸುಡಂಗಿಲ್ಲ?"

"ಸುಡ್ತದ್ರಿ. ವರ್ಷಕ್ಕೊಮ್ಮೆ ಬಾಯಿ ಬದಲಿ ಮಾಡಬೇಕು," ಅಂದೆ. ನಾನು ಹೇಳಿದ್ದು ಒಲೆಯ ಬಾಯಿ.

ಮೇಷ್ಟ್ರು ಎದ್ದು ಅಂಗಿ ಕೊಡವಿಕೊಂಡು, "ಹಂಗಾದ್ರ ನಮಗ ಬರೇ ಮಂಡಾಳು ಕಟ್ರಿ" ಅಂದರು.

ನಮ್ಮ ಮನೆಯ ಒಲೆ

ಇದು ಸಣ್ಣ ಪ್ರಸಂಗ. ಸುದ್ದಿ ಮಾನ್ವಿಯಿಂದ ರಾಯಚೂರಿಗೆ ಬರುವಷ್ಟರಲ್ಲಿ "ಅವರು ಗ್ಯಾಸ್ ಮಾಡ್ತಾರಂತ" ಅನ್ನುವಷ್ಟೇ ಉಳಿದಿತ್ತು. ನಮ್ಮ ಕಾಲನಿಯ ಹೆಣ್ಣುಮಗಳೊಬ್ಬಳು ಆಟೋದಲ್ಲಿ ಖಾಲಿ ಸಿಲಿಂಡರ್ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತಳು. "ಅಂಕಲ್, ಅರ್ಧ ತುಂಬಿಸಿದ್ರೂ ನಡೀತದ."

ಅದು ಬೇರೆ ಗ್ಯಾಸು, ಇದು ಬೇರೆ, ಇದನ್ನು ಸಿಲಿಂಡರಿಗೆ ತುಂಬಲು ಬರುವುದಿಲ್ಲ ಅಂತ ಕಾಲು ತಾಸು ತಿಳಿಸಿ ಹೇಳಿದೆ. ಅವಳು ನಂಬಲಿಲ್ಲ. ಒಳಗಿಂದ ನನ್ನ ಹೆಂಡತಿ ಊದುಕೊಳವೆ ಹಿಡಿದು, ಕಣ್ಣು ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ನಮ್ಮ ಮನೆಯ ಸಿಲಿಂಡರ್ ಮುಗಿದು ನಾಲ್ಕು ದಿನವಾಗಿತ್ತು, ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿದ್ದಳು.

"ತಂಗೀ, ನಿಂದು ಆಮ್ಯಾಲ," ಅಂದಳು. "ಪಾಳೀದಾಗ ಮೊದಲು ನಾ ನಿಂತೀನಿ."

ಎರಡನೇ ಕೂಸು

ಮಾನ್ವಿಯ ಯಂತ್ರ ನೋಡಿ ದೇವದುರ್ಗದ ಇನ್ನೊಬ್ಬ ಗಿರಣಿ ಮಾಲೀಕರೂ ಅಂಥದ್ದೇ ತರಿಸಿದರು. ಮೂರು ತಿಂಗಳು ಚೆನ್ನಾಗಿ ನಡೆಯಿತು. ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಅಲ್ಲಿನ ಮೇಸ್ತ್ರಿ ಫೋನ್ ಮಾಡಿದ. ಗ್ಯಾಸ್ ಬರುತ್ತಿಲ್ಲ, ಬಾಯ್ಲರ್ ಆರಿ ಕೂತಿದೆ, ಎರಡು ತೊಟ್ಟಿ ತುಂಬ ನೆಲ್ಲು ನೆನೆದಿದೆ. ಮಧ್ಯಾಹ್ನದೊಳಗೆ ಉಗಿ ಕೊಡದಿದ್ದರೆ ಅಷ್ಟೂ ಹುಳಿ ಹಿಡಿದು ಹಾಳು. ಆ ಯಂತ್ರ ತರಿಸಿರಿ ಅಂತ ಮಾಲೀಕರಿಗೆ ಹೇಳಿದ್ದೇ ನಾನು. ಸಿಕ್ಕ ಬಸ್ಸು ಹತ್ತಿದೆ. ಅದು ದೇವದುರ್ಗದ ಮೇಲೆ ಜಾಲಹಳ್ಳಿಗೆ ಹೋಗುವ ಬಸ್ಸು.

ಪಕ್ಕದಲ್ಲಿ ಒಬ್ಬ ಅಜ್ಜಿ ಮಡಿಲಲ್ಲಿ ಗಂಟು ಇಟ್ಟುಕೊಂಡು ಕೂತಿದ್ದಳು. ದಾರಿಯಲ್ಲಿ ಮೇಸ್ತ್ರಿಯ ಫೋನು ಮತ್ತೆ ಬಂತು. ಸಿಗ್ನಲ್ ಸರಿ ಇಲ್ಲದ್ದಕ್ಕೆ ಕೂಗಿ ಕೂಗಿ ಮಾತಾಡಿದೆ.

"ಎಣ್ಣಿ ಕುಡಿಯಾಕತ್ತದೋ ಇಲ್ಲೋ? ಕುಡಿಯವಲ್ದಾ? ನಿನ್ನಿ ತನಕ ಛಲೋ ಕುಡೀತಿತ್ತಲ್ಲೋ! ಗ್ಯಾಸ್ ಹೊಂಟದ? ಜರಾನೂ ಹೊಂಟಿಲ್ಲಾ? ಹೊಟ್ಟಿ ಮುಟ್ಟಿ ನೋಡು."

ಅಜ್ಜಿ ನನ್ನ ಕಡೆ ತಿರುಗಿದಳು. "ಯಪ್ಪಾ, ಎಷ್ಟು ತಿಂಗಳದ್ದು?"

"ಬಂದು ಮೂರು ತಿಂಗಳಾತು ಯವ್ವಾ," ಅಂದೆ.

"ಮೊದಲಿಂದಾ?"

"ಅಲ್ಲ, ಮೊದಲಿಂದು ಮಾನ್ವಿಯಾಗ ಅದ. ದೇವದುರ್ಗದಾಗ ಇರೋದು ಎರಡನೇದು."

ಅವಳು ಸ್ವಲ್ಪ ದೂರ ಸರಿದು ಕೂತಳು. "ಎರಡೂ ಕಡಿ ನೀನೇ ನೋಡ್ಕೊಂತಿ?"

"ಹೌದವ್ವಾ. ವಾರಕ್ಕೊಮ್ಮೆ ಅಲ್ಲಿ, ವಾರಕ್ಕೊಮ್ಮೆ ಇಲ್ಲಿ."

"ನಿನಗ ವಯಸ್ಸೆಷ್ಟು?"

"ಅರವತ್ತೆರಡು."

ಸೆರಗಿನ ತುದಿ ಬಾಯಿಗೆ ಹೋಯಿತು. "ಹೆಂಡ್ತಿಗೆ ಗೊತ್ತದೇನು?"

"ಗೊತ್ತದ. ಅಕೀನೇ ಬುತ್ತಿ ಕಟ್ಟಿ ಕಳಸ್ತಾಳ."

ಈ ಪ್ರಶ್ನೆಗಳೆಲ್ಲ ಯಾಕೆ ಅಂತ ಯೋಚಿಸಲು ನನಗೆ ವ್ಯವಧಾನವಿರಲಿಲ್ಲ, ನನ್ನ ಕಣ್ಣ ಮುಂದೆ ನೆಲ್ಲಿನ ತೊಟ್ಟಿ. ಅಷ್ಟರಲ್ಲಿ ಫೋನಿನಲ್ಲಿ ಮೇಸ್ತ್ರಿ ಮತ್ತೆ ಒದರಿದ. ಮೂತಿ ಕಟ್ಟಿಕೊಂಡಿರಬಹುದು, ಇಲ್ಲವೇ ಸುರುಳಿಗೆ ಕರಿ ಹಿಡಿದಿರಬಹುದು ಅಂದುಕೊಂಡು ಹೇಳಿದೆ:

"ಮೂತಿಯಾಗ ಸೂಜಿ ಹಾಕಿ ಚುಚ್ಚು! ಆಗಲಿಲ್ಲಾ? ಸುತ್ತಿಗಿ ತೊಗೊಂಡು ಹೊಟ್ಟಿಗೆ ಎರಡು ಬಡಿ. ಜೋರಾಗಿ ಬಡಿಯೋ, ಏನೂ ಆಗಂಗಿಲ್ಲ! ಆಮ್ಯಾಲ ಬುಡಕ್ಕ ಬೆಂಕಿ ಹಚ್ಚು!"

ಅಜ್ಜಿ ಎದ್ದು ನಿಂತು ನನ್ನ ಕೈಯಿಂದ ಫೋನ್ ಕಸಿದುಕೊಂಡಳು. "ಲೇ, ಆ ಕೂಸಿಗೆ ಕೈ ಹಚ್ಚಿದ್ರ ನಿನ್ನ ಕೈ ಮುರೀತೀನಿ!" ಅಂತ ಅದರೊಳಗೆ ಕಿರುಚಿದಳು. ಆ ಕಡೆಯಿಂದ ಮೇಸ್ತ್ರಿ ನಡುಗುವ ದನಿಯಲ್ಲಿ "ಆತ್ರಿ ಅಮ್ಮಾರ, ಸುತ್ತಿಗಿ ಕೆಳಗಿಟ್ಟೆ" ಅಂದದ್ದು ನನಗೂ ಕೇಳಿಸಿತು.

ಕಂಡಕ್ಟರ್ ಸೀಟಿ ಊದಿದ, ಬಸ್ಸು ನಿಂತಿತು. ಎಲ್ಲರೂ ನನ್ನ ಸುತ್ತ. "ಅದು ಕೂಸಲ್ರಪ್ಪಾ, ಮಷಿನ್ನು!" ಅಂದೆ.

"ಮಷಿನ್ನಂತ," ಅಂದ ಕಂಡಕ್ಟರ್. "ಎಣ್ಣಿ ಕುಡೀತದಂತ, ಹೊಟ್ಟಿ ಅದಂತ, ಗ್ಯಾಸ್ ಬಿಡ್ತದಂತ. ಯಾರಿಗೆ ಹೇಳ್ತೀರಿ?"

ಫೋನಿನಲ್ಲಿದ್ದ ಡ್ರಮ್ಮಿನ ಫೋಟೋ ತೋರಿಸಿದೆ. ಬಸ್ಸು ಹೊರಟಿತು. ಆದರೆ ಅಜ್ಜಿಗೆ ಸಮಾಧಾನವಿಲ್ಲ. ಜಾಲಹಳ್ಳಿಯ ತನಕ ಟಿಕೆಟ್ ತೆಗೆದಿದ್ದವಳು ದೇವದುರ್ಗದಲ್ಲೇ ನನ್ನ ಹಿಂದೆ ಇಳಿದಳು. "ನಲವತ್ತು ವರ್ಷ ಸೂಲಗಿತ್ತಿ ಕೆಲಸ ಮಾಡೀನಿ. ಕಣ್ಣಿಲೆ ನೋಡದ ನಾ ಊರಿಗೆ ಹೋಗಂಗಿಲ್ಲ," ಅಂದಳು.

ಗಿರಣಿಯಲ್ಲಿ ಮಾಲೀಕರು ತೊಟ್ಟಿಯ ಸುತ್ತ ತಿರುಗುತ್ತಿದ್ದರು. ನಾನು ಮೂತಿ ಬಿಚ್ಚಿದೆ, ಸ್ವಚ್ಛ. ಸುರುಳಿ ನೋಡಿದೆ, ಸ್ವಚ್ಛ. ಏನೂ ತಿಳಿಯದೆ ನಿಂತೆ. ಅಜ್ಜಿ ಗಂಟು ಕೆಳಗಿಟ್ಟು ಡ್ರಮ್ಮಿಗೆ ಒಂದು ಸುತ್ತು ಹಾಕಿದಳು, ಎಣ್ಣೆಯ ಪೈಪಿಗೆ ಕೈ ಹಚ್ಚಿದಳು, ಟ್ಯಾಂಕಿನಲ್ಲಿ ಬೆರಳದ್ದಿ ತೆಗೆದು ನನ್ನ ಮುಖದ ಮುಂದೆ ಹಿಡಿದಳು.

"ಥಂಡಿಗೆ ಎಣ್ಣಿ ತುಪ್ಪದಂಗ ಗಟ್ಟಿಯಾಗ್ಯಾದಲ್ಲೋ. ಬೆಚ್ಚಗ ಮಾಡದ ಕುಡಿಸಿದ್ರ ಯಾವ ಕೂಸು ಕುಡೀತದ?"

ಶಕ್ತಿನಗರದಲ್ಲಿ ಮೂವತ್ತು ವರ್ಷ ಎಣ್ಣೆಯನ್ನು ಬಿಸಿ ಮಾಡಿಯೇ ಒಲೆಗೆ ಕಳಿಸಿದವನು ನಾನು. ಇಲ್ಲಿ ಅದು ತಲೆಗೇ ಹೊಳೆದಿರಲಿಲ್ಲ. ಟ್ಯಾಂಕಿನ ಸುತ್ತ ಬಿಸಿನೀರಿನ ಡಬ್ಬಿ ಇಡಿಸಿದೆ, ಪೈಪಿಗೆ ಗೋಣಿ ಸುತ್ತಿಸಿ ಬಿಸಿನೀರು ಹಾಕಿಸಿದೆ. ಅರ್ಧ ತಾಸಿಗೆ ಎಣ್ಣೆ ಇಳಿಯಿತು, ಮೂತಿ ಸುಯ್ಯೆಂದಿತು, ನೀಲಿ ಉರಿ ಎದ್ದಿತು. ಮಧ್ಯಾಹ್ನದೊಳಗೆ ಎರಡೂ ತೊಟ್ಟಿಗೆ ಉಗಿ ಸಿಕ್ಕಿತು. ಅಜ್ಜಿ ಡ್ರಮ್ಮಿನ ಬೆನ್ನು ಎರಡು ಸಲ ತಟ್ಟಿ, ಗಂಟು ಎತ್ತಿಕೊಂಡು ಮುಂದಿನ ಬಸ್ಸಿಗೆ ಹೋದಳು.

ಮೊನ್ನೆ ಆ ಯಂತ್ರ ಮತ್ತೆ ಸತಾಯಿಸಿತಂತೆ, ಮಾಲೀಕರ ಫೋನು ಬಂತು. "ಈಗಲೇ ಹೊಂಟೆ ರೀ," ಅಂತ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ.

"ನಿಮಗ್ಯಾಕ ತ್ರಾಸು, ಇರ್ಲಿ ಬಿಡ್ರಿ," ಅಂದರು ಮಾಲೀಕರು. "ಜಾಲಹಳ್ಳಿಯಾಗ ಆ ಯವ್ವನ ಮನಿ ಎಲ್ಲಿ ಬರ್ತದ, ಅಷ್ಟು ಹೇಳ್ರಿ ಸಾಕು."